ಸಿಮ್ಯುಲೇಟರಿನ ಗಡಿಯಾರವನ್ನು ನಂಬಬಹುದೆ?

ಬಟ್ಟೆ ಒಗೆಯುವ ಯಂತ್ರ, ಮನೆಯ ವಿದ್ಯುತ್ ಮೀಟರು, ಮಕ್ಕಳ ಆಟಿಕೆ, ರಕ್ತದ ಒತ್ತಡವನ್ನು ಅಳೆಯುವ ಉಪಕರಣ, ಇವುಗಳ ಒಡಲಿನಲ್ಲಿ ಇಂದು ಒಂದೊಂದು ಪುಟ್ಟ ಕಂಪ್ಯೂಟರು ಅಡಗಿ ಕುಳಿತಿದೆ. ಅದಕ್ಕೆ ಮೈಕ್ರೋಕಂಟ್ರೋಲರ್ ಎಂದು ಹೆಸರು. ಮೇಜಿನ ಮೇಲಿನ ಕಂಪ್ಯೂಟರಿಗೂ ಇದಕ್ಕೂ ಒಂದು ಮುಖ್ಯವಾದ ಭೇದವುಂಟು. ಮೇಜಿನ ಕಂಪ್ಯೂಟರು ಲೆಕ್ಕವೊಂದನ್ನು ಅರ್ಧ ಸೆಕೆಂಡು ತಡವಾಗಿ ಒಪ್ಪಿಸಿದರೂ ಉತ್ತರ ಸರಿಯಾಗಿದ್ದರೆ ನಾವು ದೂರುವುದಿಲ್ಲ. ಮೈಕ್ರೋಕಂಟ್ರೋಲರಿನ ಉತ್ತರ ಸರಿಯಾಗಿದ್ದರೆ ಮಾತ್ರ ಸಾಲದು; ಅದು ಸರಿಯಾದ ಹೊತ್ತಿಗೂ ಬರಬೇಕು. ತಡವಾಗಿ ಬಂದ ಸರಿಯುತ್ತರವು ಇಲ್ಲಿ ತಪ್ಪು ಉತ್ತರಕ್ಕೆ ಸಮಾನ. ಕಾಲವೆಂಬುದು ಈ ಪ್ರೋಗ್ರಾಮುಗಳ ಹೊರಗಿನ ಅಲಂಕಾರವಲ್ಲ. ಅವುಗಳ ಅರ್ಥದ ಒಂದು ಭಾಗ.

ಇಂತಹ ಪ್ರೋಗ್ರಾಮುಗಳನ್ನು ಬರೆಯಲು ಕಲಿಯುವ ವಿದ್ಯಾರ್ಥಿಗಳಿಗೆ ಈಗ ಸಿಮ್ಯುಲೇಟರ್ ಎಂಬ ಅನುಕರಣ ತಂತ್ರಾಂಶ ಒದಗಿಬಂದಿದೆ. ನಿಜವಾದ ಚಿಪ್ಪು ಎದುರಿಗೆ ಇಲ್ಲದಿದ್ದರೂ, ಅದು ಆದೇಶಗಳನ್ನು ಒಂದೊಂದಾಗಿ ಹೇಗೆ ನೆರವೇರಿಸುವುದೆಂಬುದನ್ನು ಈ ತಂತ್ರಾಂಶ ಪರದೆಯ ಮೇಲೆ ಅಭಿನಯಿಸಿ ತೋರಿಸುತ್ತದೆ. ರಿಜಿಸ್ಟರುಗಳಲ್ಲಿ ಏನಿದೆ, ಪೋರ್ಟಿನ ಯಾವ ಕಾಲು ಮೇಲೆದ್ದಿದೆ, ಯಾವುದು ಕೆಳಗಿದೆ ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ. ಪರದೆಯ ಒಂದು ಮೂಲೆಯಲ್ಲಿ ಸಣ್ಣ ಗಡಿಯಾರವೂ ಇರುತ್ತದೆ. ಪ್ರೋಗ್ರಾಮು ಪ್ರಾರಂಭವಾದಂದಿನಿಂದ ಎಷ್ಟು ಕಾಲ ಕಳೆಯಿತೆಂಬುದನ್ನು ಅದು ದಶಮಾಂಶದ ಅನೇಕ ಸ್ಥಾನಗಳವರೆಗೆ ನಿಖರವಾಗಿ ತೋರಿಸುತ್ತದೆ. ಪ್ರೋಗ್ರಾಮಿನ ದೋಷಗಳನ್ನು ಹುಡುಕುವಾಗ ವಿದ್ಯಾರ್ಥಿಗಳು ಈ ಅಂಕಿಗಳನ್ನು ನೋಡಿ, ‘ವಿಳಂಬವು ಸರಿಯಾಗಿ ೫೦೦ ಮೈಕ್ರೋಸೆಕೆಂಡು ಬಂದಿದೆ’ ಎಂದು ರೆಕಾರ್ಡು ಪುಸ್ತಕದಲ್ಲಿ ಬರೆದಿಡುತ್ತಾರೆ. ಅಧ್ಯಾಪಕರೂ ಸಹಿ ಹಾಕುತ್ತಾರೆ.

ಈ ಸಹಿಯ ವಿಷಯದಲ್ಲಿ ನನ್ನದೊಂದು ತಕರಾರು ಇದೆ. ಸಿಮ್ಯುಲೇಟರು ಕಾಲವನ್ನು ಅಳೆಯುವುದಿಲ್ಲ, ಲೆಕ್ಕಹಾಕುತ್ತದೆ. ಲೆಕ್ಕಕ್ಕೂ ಅಳತೆಗೂ ಇರುವ ವ್ಯತ್ಯಾಸವನ್ನು ಮರೆಸುವ ಪದ್ಧತಿಯು ವಿಜ್ಞಾನದ ವಿದ್ಯಾರ್ಥಿಗೆ ಒಳ್ಳೆಯದಲ್ಲ. ಏಕೆಂಬುದನ್ನು ಸ್ವಲ್ಪ ವಿವರವಾಗಿ ವಿಚಾರಿಸೋಣ.

ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ಪಾಠ ಹೇಳುತ್ತಿರುವ ೮೦೫೧ ಎಂಬ ಚಿಪ್ಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಂಟೆಲ್ ಸಂಸ್ಥೆಯು ಇದನ್ನು ೧೯೮೦ರಲ್ಲಿ ಹೊರತಂದಿತು. ಇದರ ಪಕ್ಕದಲ್ಲಿ ಕ್ವಾರ್ಟ್ಸ್ ಸ್ಫಟಿಕವೊಂದನ್ನು ಜೋಡಿಸಿರುತ್ತಾರೆ. ಸ್ಫಟಿಕವು ಒಂದೇ ಸಮನೆ ಕಂಪಿಸುತ್ತ ಚಿಪ್ಪಿಗೆ ತಾಳ ಹಾಕುತ್ತದೆ. ಮೂಲ ೮೦೫೧ರಲ್ಲಿ ಇಂತಹ ೧೨ ಮಿಡಿತಗಳು ಸೇರಿ ಒಂದು ಯಂತ್ರಚಕ್ರ, ಅಂದರೆ ಒಂದು ಮಷೀನ್ ಸೈಕಲ್, ಆಗುತ್ತದೆ. ಸ್ಫಟಿಕದ ಆವೃತ್ತಿ ೧೨ ಮೆಗಾಹರ್ಟ್ಸ್ ಆಗಿದ್ದರೆ ಯಂತ್ರಚಕ್ರವೊಂದಕ್ಕೆ ಸರಿಯಾಗಿ ಒಂದು ಮೈಕ್ರೋಸೆಕೆಂಡು. ರಿಜಿಸ್ಟರಿನಲ್ಲಿರುವ ಸಂಖ್ಯೆಯನ್ನು ಒಂದೊಂದಾಗಿ ಇಳಿಸುತ್ತ, ಅದು ಸೊನ್ನೆಯಾಗುವವರೆಗೂ ಹಿಂದಕ್ಕೆ ಜಿಗಿಯುವ ಡಿ.ಜೆ.ಎನ್.ಝಡ್. ಎಂಬ ಆದೇಶಕ್ಕೆ ಎರಡು ಯಂತ್ರಚಕ್ರಗಳು ಬೇಕು. ಅದು ೨೫೦ ಸಲ ನಡೆದರೆ ೫೦೦ ಚಕ್ರ, ಎಂದರೆ ೫೦೦ ಮೈಕ್ರೋಸೆಕೆಂಡು. ಸಿಮ್ಯುಲೇಟರು ಮಾಡುವುದು ಇಷ್ಟೇ ಕೆಲಸ. ಅದು ಚಕ್ರಗಳನ್ನು ಎಣಿಸಿ, ಒಂದು ಚಕ್ರದ ಕಾಲದಿಂದ ಗುಣಿಸಿ, ಗುಣಲಬ್ಧವನ್ನು ಮೂಲೆಯಲ್ಲಿ ಬರೆಯುತ್ತದೆ.

ಒಂದು ಚಕ್ರದ ಕಾಲ ಎಷ್ಟೆಂಬುದು ಸಿಮ್ಯುಲೇಟರಿಗೆ ಹೇಗೆ ತಿಳಿಯಿತು? ನಾವೇ ಹೇಳಿಕೊಟ್ಟೆವು. ಸ್ಫಟಿಕದ ಆವೃತ್ತಿಯನ್ನು ಬರೆಯಲು ಅದರಲ್ಲೊಂದು ಪೆಟ್ಟಿಗೆಯಿರುತ್ತದೆ. ನಾವು ಬರೆಯದಿದ್ದರೆ ಮೊದಲೇ ತುಂಬಿಟ್ಟ ಯಾವುದೋ ಸಂಖ್ಯೆ ಅಲ್ಲಿ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ೧೨ ಎಂದಿದ್ದು, ಬೋರ್ಡಿನ ಮೇಲೆ ೧೧.೦೫೯೨ ಮೆಗಾಹರ್ಟ್ಸ್ ಸ್ಫಟಿಕ ಕುಳಿತಿದ್ದರೆ, ಪರದೆಯ ೫೦೦ ಮೈಕ್ರೋಸೆಕೆಂಡು ಬೋರ್ಡಿನ ಮೇಲೆ ೫೪೨.೫ ಆಗುವುದು. ಪೆಟ್ಟಿಗೆಯಲ್ಲಿ ೨೪ ಎಂದಿದ್ದರಂತೂ ಪರದೆಯ ಒಂದು ಸೆಕೆಂಡು ಬೋರ್ಡಿನ ೨.೧೭ ಸೆಕೆಂಡಿಗೆ ಸಮ. ಆದರೂ ಸಿಮ್ಯುಲೇಟರು ಯಾವ ಸಂಕೋಚವೂ ಇಲ್ಲದೆ ದಶಮಾಂಶಗಳನ್ನು ಬರೆಯುತ್ತಲೇ ಇರುತ್ತದೆ. ಅದರ ಗುಣಾಕಾರ ತಪ್ಪಿಲ್ಲ. ತಪ್ಪಿರುವುದು ಗುಣಿಸಲು ಕೊಟ್ಟ ಸಂಖ್ಯೆಯಲ್ಲಿ. ಲೆಕ್ಕವು ತನ್ನ ಆಧಾರವನ್ನು ತಾನೇ ಪರೀಕ್ಷಿಸಲಾರದು.

೧೧.೦೫೯೨ ಎಂಬ ವಿಚಿತ್ರ ಸಂಖ್ಯೆಯನ್ನು ಯಾರು ಏಕೆ ಆರಿಸಿದರೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಇದನ್ನು ೧೨ರಿಂದ ಭಾಗಿಸಿದರೆ ಸೆಕೆಂಡಿಗೆ ೯,೨೧,೬೦೦ ಯಂತ್ರಚಕ್ರಗಳು. ಅದನ್ನು ೩೨ರಿಂದ ಭಾಗಿಸಿದರೆ ೨೮,೮೦೦. ಮತ್ತೆ ೩ರಿಂದ ಭಾಗಿಸಿದರೆ ಸರಿಯಾಗಿ ೯,೬೦೦. ಸೀರಿಯಲ್ ತಂತಿಯ ಮೂಲಕ ಸೆಕೆಂಡಿಗೆ ೯,೬೦೦ ಬಿಟ್‌ಗಳನ್ನು ಕಳುಹಿಸುವುದು ರೂಢಿಯಲ್ಲಿರುವ ವೇಗ. ೧೨ ಮೆಗಾಹರ್ಟ್ಸ್ ಸ್ಫಟಿಕದಿಂದ ಇದೇ ಭಾಗಾಕಾರವನ್ನು ಮಾಡಿದರೆ ೩ಕ್ಕೆ ೧೦,೪೧೭ರ ಸುಮಾರು, ೪ಕ್ಕೆ ೭,೮೧೨.೫ ಬರುತ್ತದೆ, ೯,೬೦೦ ಬರುವುದೇ ಇಲ್ಲ. ಹತ್ತಿರದ್ದೆಂದು ಮೊದಲನೆಯದನ್ನೇ ಹಿಡಿದರೂ ಶೇಕಡಾ ೮.೫ರಷ್ಟು ದೋಷವಿದೆ.

ಈ ದೋಷವನ್ನು ಸಹಿಸಬಹುದೆ? ಅಕ್ಷರವೊಂದು ಹೋಗುವಾಗ ಒಂದು ಪ್ರಾರಂಭದ ಬಿಟ್, ಎಂಟು ದತ್ತ ಬಿಟ್‌ಗಳು, ಒಂದು ನಿಲುಗಡೆಯ ಬಿಟ್, ಹೀಗೆ ಹತ್ತು ಸಾಲಾಗಿ ಹೋಗುತ್ತವೆ. ಎದುರಿನ ಯಂತ್ರವು ಪ್ರಾರಂಭದ ಬಿಟ್ ಬಂದ ಕ್ಷಣದಿಂದ ಕಾಲವನ್ನು ಎಣಿಸುತ್ತ, ಪ್ರತಿಯೊಂದು ಬಿಟ್ಟಿನ ನಟ್ಟನಡುವೆ ಒಮ್ಮೆ ಇಣುಕಿ ನೋಡುತ್ತದೆ. ಕೊನೆಯ ಬಿಟ್ಟಿನ ನಡುಭಾಗ ಬರುವುದು ೯.೫ ಬಿಟ್‌ಗಳ ಕಾಲ ಕಳೆದ ಮೇಲೆ. ಶೇಕಡಾ ೮.೫ರ ದೋಷವು ಅಷ್ಟರಲ್ಲಿ ೦.೮ ಬಿಟ್ಟಿನಷ್ಟು ಬೆಳೆದಿರುತ್ತದೆ. ಅರ್ಧ ಬಿಟ್ಟನ್ನು ದಾಟಿದೊಡನೆ ಅದು ನೋಡುವುದು ಪಕ್ಕದ ಬಿಟ್ಟನ್ನು! ಆದುದರಿಂದ ಎರಡು ಕಡೆಯ ಗಡಿಯಾರಗಳ ಒಟ್ಟು ವ್ಯತ್ಯಾಸ ಶೇಕಡಾ ೫ರ ಒಳಗೇ ಇರಬೇಕು. ಕಾರ್ಯತಃ ಇನ್ನೂ ಕಡಿಮೆಯಿರುವುದೇ ಕ್ಷೇಮ. ಬೋರ್ಡಿನ ಮೇಲೆ ಇಂತಹ ಪ್ರೋಗ್ರಾಮು ಅರ್ಥವಿಲ್ಲದ ಚಿಹ್ನೆಗಳನ್ನು ಉಗುಳುತ್ತದೆ. ಸಿಮ್ಯುಲೇಟರಿನ ಕಿಟಕಿಯಲ್ಲಿ ಮಾತ್ರ ಅದೇ ಸಂದೇಶ ಅನೇಕ ವೇಳೆ ಅಚ್ಚುಕಟ್ಟಾಗಿ ಮೂಡುತ್ತದೆ. ಏಕೆಂದರೆ ಅಲ್ಲಿ ತಂತಿಯೂ ಇಲ್ಲ, ಎದುರಿನ ಯಂತ್ರದ ಬೇರೊಂದು ಗಡಿಯಾರವೂ ಇಲ್ಲ. ತಂತ್ರಾಂಶವು ಬೈಟನ್ನು ಈ ಕೈಯಿಂದ ಆ ಕೈಗೆ ದಾಟಿಸಿ ಬಿಡುತ್ತದೆ.

ಸ್ಫಟಿಕವಿರುವಲ್ಲಿ ನಾವು ಹೇಳಿದ ಆವೃತ್ತಿಗೂ ನಿಜವಾದ ಆವೃತ್ತಿಗೂ ಅಂತರ ತೀರ ಕಡಿಮೆ. ಆದರೆ ಖರ್ಚನ್ನು ಉಳಿಸಲು ಅನೇಕ ಚಿಪ್ಪುಗಳಲ್ಲಿ ಸ್ಫಟಿಕವನ್ನು ಬಿಟ್ಟು, ಒಳಗೇ ಇರುವ ರೋಧಕ ಮತ್ತು ಧಾರಕಗಳ ಆಂದೋಲಕವನ್ನು ಬಳಸುವುದುಂಟು. ಆರ್ಡುಯಿನೊ ಬೋರ್ಡುಗಳಿಂದ ಪ್ರಸಿದ್ಧವಾದ ಎಟಿಮೆಗಾ ೩೨೮ಪಿ ಚಿಪ್ಪಿನ ಒಳಗಡೆಯ ೮ ಮೆಗಾಹರ್ಟ್ಸ್ ಆಂದೋಲಕಕ್ಕೆ, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ, ಶೇಕಡಾ ೧೦ರವರೆಗೆ ಹೆಚ್ಚುಕಡಿಮೆ ಇರಬಹುದೆಂದು ಅದರ ಡೇಟಾಷೀಟೇ ಹೇಳುತ್ತದೆ. ಎಂದರೆ ಗಂಟೆಗೆ ಆರು ನಿಮಿಷ! ಬಳಸುವವನು ತಿದ್ದಿಕೊಂಡರೆ ಈ ದೋಷ ಬಹಳ ಇಳಿಯುತ್ತದೆ. ಆದರೆ ಅಳೆಯದೆ ತಿದ್ದುವುದು ಹೇಗೆ? ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಚಿಪ್ಪುಗಳ ವೇಗ ಬೇರೆಬೇರೆಯಾಗಿರಬಹುದು. ಒಂದೇ ಚಿಪ್ಪಿನ ವೇಗವೂ ಉಷ್ಣತೆಯೊಡನೆ, ವೋಲ್ಟೇಜಿನೊಡನೆ ಬದಲಾಗುತ್ತದೆ. ಸಿಮ್ಯುಲೇಟರಿನ ಒಳಗೆ ಬೇಸಿಗೆಯೂ ಇಲ್ಲ, ಬ್ಯಾಟರಿ ಇಳಿಯುವುದೂ ಇಲ್ಲ.

ಚಕ್ರಗಳ ಎಣಿಕೆಯಾದರೂ ಯಾವಾಗಲೂ ಸರಿಯಿರುವುದೆ? ಅದನ್ನೂ ಖಂಡಿತವಾಗಿ ಹೇಳುವಂತಿಲ್ಲ. ೮೦೫೧ರ ವಂಶದಲ್ಲಿಯೇ ಯಂತ್ರಚಕ್ರವೊಂದನ್ನು ೧೨ ಮಿಡಿತಗಳ ಬದಲು ೬ರಲ್ಲಿ ಮುಗಿಸುವ ಚಿಪ್ಪುಗಳುಂಟು. ಒಂದೇ ಮಿಡಿತದಲ್ಲಿ ಮುಗಿಸುವವೂ ಉಂಟು. ಹಳೆಯ ಪ್ರೋಗ್ರಾಮನ್ನು ಅವುಗಳಿಗೆ ತುಂಬಿದರೆ ವಿಳಂಬಗಳೆಲ್ಲ ಕುಗ್ಗಿಹೋಗುತ್ತವೆ. ೩೨ ಬಿಟ್‌ಗಳ ಹೊಸ ಚಿಪ್ಪುಗಳಲ್ಲಿ ಇನ್ನೊಂದು ತೊಡಕು. ಅಲ್ಲಿ ಗಣಿಸುವ ಭಾಗವು ಓಡುವಷ್ಟು ವೇಗವಾಗಿ ಆದೇಶಗಳನ್ನು ಇಟ್ಟಿರುವ ಫ್ಲಾಷ್ ಸ್ಮೃತಿ ಓಡಲಾರದು. ಎಸ್‌ಟಿಎಂ೩೨ಎಫ್೧೦೩ ಎಂಬ ಚಿಪ್ಪು ೭೨ ಮೆಗಾಹರ್ಟ್ಸ್ ವೇಗದಲ್ಲಿರುವಾಗ ಆ ಸ್ಮೃತಿಯನ್ನು ಓದಲು ಎರಡು ಮಿಡಿತಗಳಷ್ಟು ಹೆಚ್ಚಾಗಿ ಕಾಯಬೇಕಾಗುತ್ತದೆ. ಮುಂದಿನ ಆದೇಶಗಳನ್ನು ಮೊದಲೇ ತಂದಿಟ್ಟುಕೊಳ್ಳುವ ಏರ್ಪಾಡು ಈ ಕಾಯುವಿಕೆಯನ್ನು ಕೆಲವೊಮ್ಮೆ ಮರೆಸುತ್ತದೆ, ಜಿಗಿತದ ಆದೇಶ ಬಂದಾಗ ಮರೆಸಲಾರದು. ಕೇವಲ ಆದೇಶಗಳ ಚಕ್ರಗಳನ್ನು ಕೂಡಿಸುವ ಸಿಮ್ಯುಲೇಟರಿಗೆ ಈ ಕಾಯುವಿಕೆಯ ಸುಳಿವೇ ಇರುವುದಿಲ್ಲ.

ಇದುವರೆಗೆ ಚಿಪ್ಪಿನ ಒಳಗಿನ ಮಾತಾಯಿತು. ಹೊರಗಿನ ಪ್ರಪಂಚಕ್ಕೂ ತನ್ನದೇ ಆದ ಕಾಲಗತಿಯಿದೆ. ಒತ್ತುಗುಂಡಿಯನ್ನು ಒತ್ತಿದಾಗ ಅದರೊಳಗಿನ ಲೋಹದ ತುದಿಗಳು ಒಮ್ಮೆಗೇ ಕೂಡಿಕೊಳ್ಳುವುದಿಲ್ಲ. ಕೆಲವು ಮಿಲಿಸೆಕೆಂಡುಗಳ ಕಾಲ ತಗುಲಿ ಬಿಟ್ಟು ಪುಟಿಯುತ್ತವೆ. ಅಷ್ಟರಲ್ಲಿ ಚಿಪ್ಪು ಸಾವಿರಾರು ಆದೇಶಗಳನ್ನು ಮುಗಿಸಿ, ಒಂದು ಒತ್ತನ್ನು ಐದಾರು ಒತ್ತುಗಳೆಂದು ಎಣಿಸಿಬಿಡಬಹುದು. ಪರದೆಯ ಮೇಲಿನ ಗುಂಡಿಯನ್ನು ಮೌಸಿನಿಂದ ಒತ್ತಿದರೆ, ಪುಟಿತವನ್ನೂ ಅನುಕರಿಸುವ ಕೆಲವು ತಂತ್ರಾಂಶಗಳನ್ನು ಬಿಟ್ಟರೆ, ಅದು ಪುಟಿಯುವುದಿಲ್ಲ. ಅಕ್ಷರಗಳನ್ನು ತೋರಿಸುವ ಸಾಮಾನ್ಯ ಎಲ್‌ಸಿಡಿ ಫಲಕವೂ ಹಾಗೆಯೇ. ಎಚ್‌ಡಿ೪೪೭೮೦ ಎಂಬ ನಿಯಂತ್ರಕವುಳ್ಳ ಫಲಕಕ್ಕೆ ಒಂದು ಸಾಧಾರಣ ಆದೇಶವನ್ನು ಪೂರೈಸಲು ೩೭ ಮೈಕ್ರೋಸೆಕೆಂಡು ಬೇಕು. ಫಲಕವನ್ನು ಅಳಿಸಲು ೧.೫೨ ಮಿಲಿಸೆಕೆಂಡು, ಸುಮಾರು ೪೦ ಪಟ್ಟು ಹೆಚ್ಚು. ಈ ವಿರಾಮವನ್ನು ಕೊಡದ ಪ್ರೋಗ್ರಾಮು ಉದಾರವಾದ ಸಿಮ್ಯುಲೇಟರಿನಲ್ಲಿ ಚೆನ್ನಾಗಿ ನಡೆದು, ನಿಜವಾದ ಫಲಕದ ಮೇಲೆ ಅರ್ಧ ಅಕ್ಷರಗಳನ್ನು ನುಂಗಿಬಿಡುವುದು.

ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುವ ಮತ್ತೊಂದು ಗಡಿಯಾರವೂ ಉಂಟು. ಸಿಮ್ಯುಲೇಟರು ಓಡುವುದು ಮೇಜಿನ ಕಂಪ್ಯೂಟರಿನ ಮೇಲೆ. ಅನುಕರಣೆ ಕಷ್ಟವಾದಾಗ ಅದು ನಿಧಾನವಾಗುತ್ತದೆ, ಸುಲಭವಾದಾಗ ನಿಜವಾದ ಚಿಪ್ಪಿಗಿಂತ ವೇಗವಾಗಿಯೂ ಓಡಬಹುದು. ಸೆಕೆಂಡಿಗೊಮ್ಮೆ ಮಿನುಗಬೇಕಾದ ದೀಪವು ಪರದೆಯ ಮೇಲೆ ನಾಲ್ಕು ಸೆಕೆಂಡಿಗೊಮ್ಮೆ ಮಿನುಗಿತೆನ್ನೋಣ. ಹುಡುಗನು ತನ್ನ ಕಣ್ಣನ್ನೇ ನಂಬಿ ವಿಳಂಬದ ಸಂಖ್ಯೆಯನ್ನು ಕಾಲುಭಾಗಕ್ಕೆ ಇಳಿಸುತ್ತಾನೆ. ಪರದೆಯ ಮೇಲೆ ಎಲ್ಲವೂ ಸರಿಹೋಗುತ್ತದೆ. ಬೋರ್ಡಿನ ಮೇಲೆ ದೀಪವು ಹುಚ್ಚು ಹಿಡಿದಂತೆ ಮಿನುಗುತ್ತದೆ. ಇಲ್ಲಿ ಮೂರು ಕಾಲಗಳಿವೆ: ಸಿಮ್ಯುಲೇಟರು ಲೆಕ್ಕಹಾಕಿದ ಕಾಲ, ಮೇಜಿನ ಕಂಪ್ಯೂಟರಿಗೆ ಹಿಡಿದ ಕಾಲ, ಬೋರ್ಡಿನ ಮೇಲೆ ನಿಜವಾಗಿ ಕಳೆದ ಕಾಲ. ಈ ಮೂರನ್ನು ಬೇರ್ಪಡಿಸಿ ನೋಡಲು ಕಲಿತವನು ಅರ್ಧ ವಿದ್ಯೆಯನ್ನು ಕಲಿತಂತೆ.

ಹಾಗಾದರೆ ಸಿಮ್ಯುಲೇಟರನ್ನು ಮೂಲೆಗೆ ಎಸೆಯಬೇಕೆ? ಖಂಡಿತ ಬೇಡ. ಅದರ ಪರವಾಗಿ ಹೇಳಬೇಕಾದ ಮಾತುಗಳು ಹಲವಿವೆ. ಆದೇಶಗಳು ನಾವು ಎಣಿಸಿದ ಕ್ರಮದಲ್ಲಿಯೇ ನಡೆಯುತ್ತಿವೆಯೆ, ಆವರ್ತನೆಯು ೨೫೦ ಸಲವೇ ನಡೆಯಿತೆ, ೨೪೯ ಸಲವೆ ಎಂಬಂತಹ ಪ್ರಶ್ನೆಗಳಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಮೇಲಾಗಿ, ನಿಜವಾದ ಬೋರ್ಡಿನ ಮೇಲೆ ನೋಡುವ ಕ್ರಿಯೆಯೇ ನೋಡಬೇಕಾದುದನ್ನು ಕೆಡಿಸುವುದುಂಟು. ‘ಇಲ್ಲಿಯವರೆಗೆ ಬಂದೆ’ ಎಂದು ತಿಳಿಸಲು ಸೆಕೆಂಡಿಗೆ ೯,೬೦೦ ಬಿಟ್‌ಗಳ ವೇಗದಲ್ಲಿ ಒಂದೇ ಒಂದು ಅಕ್ಷರವನ್ನು ಕಳುಹಿಸಿದರೂ ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಒಂದು ಚಮಚ ಬಿಸಿನೀರಿನಲ್ಲಿ ದೊಡ್ಡ ಉಷ್ಣತಾಮಾಪಕವನ್ನು ಅದ್ದಿದರೆ ನೀರೇ ತಣ್ಣಗಾಗುವಂತೆ, ಇದರಿಂದ ಪ್ರೋಗ್ರಾಮಿನ ಕಾಲಗತಿಯೇ ಬದಲಾಗುತ್ತದೆ. ಸಿಮ್ಯುಲೇಟರಿನಲ್ಲಿ ಕಾಲವನ್ನೇ ನಿಲ್ಲಿಸಿ, ಒಳಗನ್ನೆಲ್ಲ ಪರೀಕ್ಷಿಸಿ, ಏನೂ ಆಗದಂತೆ ಮುಂದೆ ನಡೆಸಬಹುದು. ಇದು ಪ್ರಕೃತಿಯು ನಮಗೆ ಎಂದೂ ಕೊಡದ ಸೌಕರ್ಯ. ನನ್ನ ಆಕ್ಷೇಪಣೆ ಉಪಕರಣದ ಮೇಲಲ್ಲ; ಅದು ಕೊಡಲಾರದ ಸಾಕ್ಷ್ಯವನ್ನು ಅದರ ಬಾಯಿಂದ ಹೇಳಿಸುವ ನಮ್ಮ ಅಭ್ಯಾಸದ ಮೇಲೆ.

ದೀಪವೊಂದು ತಪ್ಪಾಗಿ ಮಿನುಗಿದರೆ ಏನು ಮುಳುಗಿಹೋಯಿತು ಎನ್ನುವವರೂ ಇರಬಹುದು. ಅವರು ಥೆರಾಕ್-೨೫ ಎಂಬ ಯಂತ್ರದ ಕಥೆಯನ್ನು ತಿಳಿದುಕೊಳ್ಳಬೇಕು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆಯನ್ನು ಕೊಡುವ ಈ ಯಂತ್ರವನ್ನು, ಚಿಪ್ಪಿಗಿಂತ ದೊಡ್ಡದಾದ ಒಂದು ಕಂಪ್ಯೂಟರು ನಡೆಸುತ್ತಿತ್ತು. ೧೯೮೫ರಿಂದ ೧೯೮೭ರ ಅವಧಿಯಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಆರು ಮಂದಿ ರೋಗಿಗಳಿಗೆ ಅದರಿಂದ ಮಿತಿಮೀರಿದ ವಿಕಿರಣ ತಗುಲಿತು. ಅವರಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ೧೯೮೬ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಟೆಕ್ಸಸ್ ಪ್ರಾಂತದ ಟೈಲರ್ ಎಂಬ ಊರಿನಲ್ಲಿ ಎರಡು ಅಪಘಾತಗಳಾದವು. ಮೊದಲನೆಯದಾದ ಮೇಲೆ ಯಂತ್ರವನ್ನು ಪರೀಕ್ಷಿಸಿದ ಇಂಜಿನಿಯರುಗಳಿಗೆ ದೋಷವು ಮತ್ತೆ ಕಾಣಿಸಲೇ ಇಲ್ಲ. ಎರಡನೆಯದಾದ ಮೇಲೆ ಆಸ್ಪತ್ರೆಯ ಭೌತವಿಜ್ಞಾನಿಯು, ಅಂದು ಯಂತ್ರದ ಮುಂದಿದ್ದ ನಿರ್ವಾಹಕಿಯನ್ನು ಜೊತೆಗೆ ಕೂರಿಸಿಕೊಂಡು, ಆಕೆ ಮಾಡಿದ್ದನ್ನೆಲ್ಲ ಮತ್ತೆಮತ್ತೆ ಮಾಡಿಸಿದನು. ರಹಸ್ಯವು ಆಕೆಯ ಬೆರಳುಗಳ ವೇಗದಲ್ಲಿತ್ತು. ತಪ್ಪಾಗಿ ಒತ್ತಿದ ಅಕ್ಷರವನ್ನು ಆಕೆ ಬೇಗಬೇಗನೆ ತಿದ್ದುತ್ತಿದ್ದಳು. ಯಂತ್ರದ ಅಯಸ್ಕಾಂತಗಳು ಸಿದ್ಧವಾಗಲು ೮ ಸೆಕೆಂಡುಗಳ ಸುಮಾರು ಬೇಕಾಗುತ್ತಿತ್ತು; ಅಷ್ಟರೊಳಗೆ ಮಾಡಿದ ತಿದ್ದುಪಾಟು ಪ್ರೋಗ್ರಾಮಿನ ಗಮನಕ್ಕೆ ಬರುತ್ತಿರಲಿಲ್ಲ. ನಿಧಾನವಾಗಿ ಒತ್ತಿ ಪರೀಕ್ಷಿಸಿದವರಿಗೆ ದೋಷ ಹೇಗೆ ಸಿಕ್ಕೀತು?

ಇಲ್ಲಿ ಯಾವ ಸಿಮ್ಯುಲೇಟರಿನ ಅಪರಾಧವೂ ಇರಲಿಲ್ಲ. ನಾನು ಎತ್ತಿ ಹೇಳಬೇಕೆಂದಿರುವುದು ಇಷ್ಟೆ: ಕಾಲಕ್ಕೆ ಸಂಬಂಧಪಟ್ಟ ದೋಷಗಳು ಅನೇಕ ವೇಳೆ ಪ್ರೋಗ್ರಾಮಿನ ಸಾಲುಗಳಲ್ಲಿ ಕಾಣದೆ, ಪ್ರೋಗ್ರಾಮಿಗೂ ಹೊರಗಿನ ಪ್ರಪಂಚಕ್ಕೂ ನಡುವಣ ಹೊಂದಾಣಿಕೆಯಲ್ಲಿ ಅವಿತಿರುತ್ತವೆ. ಅವನ್ನು ಹಿಡಿಯಬೇಕಾದರೆ ನಿಜವಾದ ಯಂತ್ರ, ನಿಜವಾದ ವೇಗ, ನಿಜವಾದ ಗಡಿಯಾರ ಬೇಕು. ಇಂದು ತರಗತಿಯಲ್ಲಿ ದೀಪ ಮಿನುಗಿಸುವ ವಿದ್ಯಾರ್ಥಿಯೇ ನಾಳೆ ರೋಗಿಯ ರಕ್ತನಾಳಕ್ಕೆ ಔಷಧವನ್ನು ಹನಿಸುವ ಯಂತ್ರಕ್ಕೆ ಪ್ರೋಗ್ರಾಮು ಬರೆಯುತ್ತಾನೆ. ಅಭ್ಯಾಸಗಳು ಹುಟ್ಟುವುದು ಇಲ್ಲಿಯೇ.

ಅಳೆಯಲು ಬೆಲೆಬಾಳುವ ಉಪಕರಣಗಳು ಬೇಕೆಂಬ ಆಕ್ಷೇಪಣೆ ಕೇಳಿಬರುವುದುಂಟು. ಆಸಿಲೋಸ್ಕೋಪು ಇದ್ದರೆ ಒಳ್ಳೆಯದೇ. ಅಳೆಯಬೇಕಾದ ಭಾಗದ ಮೊದಲಲ್ಲಿ ಪೋರ್ಟಿನ ಒಂದು ಕಾಲನ್ನು ಮೇಲೆತ್ತಿ, ಕೊನೆಯಲ್ಲಿ ಇಳಿಸಿದರಾಯಿತು; ೮೦೫೧ರಲ್ಲಿ ಇದಕ್ಕೆ ತಗಲುವುದು ಒಂದೊಂದು ಯಂತ್ರಚಕ್ರ ಮಾತ್ರ. ತೆರೆಯ ಮೇಲೆ ಮೂಡುವ ಚೌಕದ ಅಗಲವೇ ನಮಗೆ ಬೇಕಾದ ಕಾಲ. ಆಸಿಲೋಸ್ಕೋಪು ಇಲ್ಲವಾದರೆ ಸರಳ ಲೋಲಕದ ಪ್ರಯೋಗವನ್ನು ನೆನಪಿಗೆ ತಂದುಕೊಳ್ಳಿ. ಅಲ್ಲಿ ಒಂದು ಆಂದೋಲನವನ್ನು ಅಳೆಯದೆ ಇಪ್ಪತ್ತನ್ನು ಒಟ್ಟಿಗೆ ಅಳೆದು ಭಾಗಿಸುತ್ತೇವೆ, ಅಲ್ಲವೆ? ಇಲ್ಲಿಯೂ ಅದೇ ಉಪಾಯ. ಲೆಕ್ಕದ ಪ್ರಕಾರ ಸೆಕೆಂಡಿಗೊಮ್ಮೆ ಮಿನುಗುವ ದೀಪದ ೬೦೦ ಮಿನುಗುಗಳನ್ನು ಎಣಿಸಿ, ಕೈಗಡಿಯಾರದಲ್ಲಿಯೋ ಮೊಬೈಲಿನಲ್ಲಿಯೋ ಕಾಲವನ್ನು ನೋಡಿ. ಕೈ ತಡವಾದುದರಿಂದ ಪ್ರಾರಂಭದಲ್ಲಿ ಮತ್ತು ಕೊನೆಯಲ್ಲಿ ಸೇರಿ ೦.೪ ಸೆಕೆಂಡು ತಪ್ಪಿದರೂ ದೋಷವು ಶೇಕಡಾ ೦.೦೭ ಮಾತ್ರ. ತಿಂಗಳಿಗೆ ೧೫ ಸೆಕೆಂಡು ತಪ್ಪುವ ಗಡಿಯಾರವು ಆ ಹತ್ತು ನಿಮಿಷಗಳಲ್ಲಿ ತಪ್ಪುವುದು ೪ ಮಿಲಿಸೆಕೆಂಡಿಗಿಂತಲೂ ಕಡಿಮೆ. ೧೨ ಎಂದುಕೊಂಡ ಸ್ಫಟಿಕ ೧೧.೦೫೯೨ ಆಗಿದ್ದರೆ ೧೦ ನಿಮಿಷಗಳ ಬದಲು ೧೦ ನಿಮಿಷ ೫೧ ಸೆಕೆಂಡುಗಳು ಹಿಡಿಯುತ್ತವೆ. ಇದನ್ನು ಕಂಡುಹಿಡಿಯಲು ತಾಳ್ಮೆಯ ಹೊರತು ಬೇರೆ ಖರ್ಚಿಲ್ಲ.

ಬೋರ್ಡೇ ಇಲ್ಲದ ವಿದ್ಯಾರ್ಥಿ ಏನು ಮಾಡಬೇಕೆಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ಇದು ನ್ಯಾಯವಾದ ಪ್ರಶ್ನೆ. ೨೦೨೦ರಲ್ಲಿ ಕೋವಿಡ್ ಕಾರಣದಿಂದ ಕಾಲೇಜುಗಳು ಮುಚ್ಚಿದ್ದಾಗ ಸಿಮ್ಯುಲೇಟರು ಇಲ್ಲದಿದ್ದರೆ ಎಷ್ಟೋ ಮಂದಿಯ ಪ್ರಯೋಗಪಾಠವೇ ನಿಂತುಹೋಗುತ್ತಿತ್ತು. ಅಂಥವರು ಸಿಮ್ಯುಲೇಟರಿನಲ್ಲಿಯೇ ಕಲಿಯಲಿ; ಆದರೆ ‘ಲೆಕ್ಕದ ಪ್ರಕಾರ’ ಎಂದು ಬರೆಯಲಿ, ‘ಅಳತೆಯ ಪ್ರಕಾರ’ ಎಂದು ಬರೆಯದಿರಲಿ. ಕಾಲೇಜುಗಳಿಗೆ ನನ್ನ ಸೂಚನೆಯೂ ಸರಳವಾದುದೇ. ಕಾಲಕ್ಕೆ ಸಂಬಂಧಿಸಿದ ಪ್ರತಿಯೊಂದು ಪ್ರಯೋಗದ ರೆಕಾರ್ಡಿನಲ್ಲಿಯೂ ಮೂರು ಅಂಕಣಗಳಿರಲಿ: ಮೊದಲನೆಯದರಲ್ಲಿ ಸಿಮ್ಯುಲೇಟರು ಹೇಳಿದ ಕಾಲ, ಎರಡನೆಯದರಲ್ಲಿ ಬೋರ್ಡಿನ ಮೇಲೆ ಅಳೆದ ಕಾಲ, ಮೂರನೆಯದರಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಮತ್ತು ಅದಕ್ಕೆ ಕಾರಣ. ಬೋರ್ಡುಗಳು ಕಡಿಮೆಯಿದ್ದರೆ ಐದಾರು ಮಂದಿ ಒಂದನ್ನು ಹಂಚಿಕೊಳ್ಳಲಿ. ಎರಡನೆಯ ಅಂಕಣ ಖಾಲಿಯಿರುವ ಪುಟಕ್ಕೆ ಪೂರ್ಣಾಂಕವನ್ನು ಕೊಡದಿರೋಣ.

ವಿದ್ಯಾರ್ಥಿಗಳು ಮೂರನೆಯ ಅಂಕಣಕ್ಕೆ ಹೆದರಬೇಕಾಗಿಲ್ಲ. ಲೆಕ್ಕವೂ ಅಳತೆಯೂ ಒಂದೇ ಆದರೆ ನಮಗೆ ಮೊದಲೇ ತಿಳಿದಿದ್ದುದು ದೃಢವಾಗುತ್ತದೆ, ಅಷ್ಟೆ. ಅವೆರಡೂ ಬೇರೆಯಾದಾಗಲೇ ಸ್ಫಟಿಕದ ಆವೃತ್ತಿ, ಗುಂಡಿಯ ಪುಟಿತ, ಸ್ಮೃತಿಯ ನಿಧಾನಗತಿ ಇವೆಲ್ಲ ಒಂದೊಂದಾಗಿ ಬೆಳಕಿಗೆ ಬರುತ್ತವೆ. ಸಿಮ್ಯುಲೇಟರು ನಮಗೆ ತಿಳಿದದ್ದನ್ನೇ ನಮಗೆ ತಿರುಗಿ ಹೇಳುವ ವಿನಯಶೀಲ ಶಿಷ್ಯ. ಎದುರುತ್ತರ ಕೊಡುವುದು ಬೋರ್ಡು. ಆ ಎದುರುತ್ತರವನ್ನು ಕೇಳಿಸಿಕೊಳ್ಳುವ ತಾಳ್ಮೆಯನ್ನು ನಮ್ಮ ತರುಣರು ಈಗಲೇ ಬೆಳೆಸಿಕೊಳ್ಳಲಿ.